ಸೆಟ್‌ಬ್ಯಾಕಿನ ಬಸಪ್ಪ

ಇದನ್ನ ನೀವು ನಂಬಲ್ಲ. ನಂಬ್ತೀರಾ ಅಂದ್ಕೊಂಡು ನಾನು ಹೇಳ್ತಾನೂ ಇಲ್ಲ. ಕಾಲೇಜಲ್ಲಿ ಹೇಳ್ದೆ, ನನ್ನ ಬೆಂಚಿನೋರೇ ನಂಬ್ಲಿಲ್ಲ. ಅದರಲ್ಲಿ ಅವರ ತಪ್ಪೂ ಇಲ್ಲ ಬುಡಿ. ಅದಕ್ಕೆ ಸ್ವಲ್ಪ ಮುಂಚೆ ತಾನೇ ನಾನು, ರಿಂಗ್ ರೋಡ್ ಹತ್ರ ಒಂದು ಚಿರತೆ ಎದುರಿಗೆ ಬಂತು, ನಾನು ದಿಟ್ಟಿಸಿ ನೋಡ್ದೆ, ಅದೇ ದಾರಿ ಬಿಟ್ಕೊಡ್ತು ಅಂತ ಹೇಳಿದ್ದೆ. ಬಂದಿದ್ದು ಬೆಕ್ಕು. ಆದ್ರೆ ದೊಡ್ಡ ಬೆಕ್ಕು, ದಾರಿ ಬಿಟ್ಕೊಟ್ಟಿದ್ದಂತೂ ನಿಜ. ನಾನು ಸುಳ್ಳು ಹೇಳಲ್ಲ ಕಣ್ರೀ, ಇರೋದನ್ನ ಸ್ವಲ್ಪ ಎಳೀತೀನಿ ಅಷ್ಟೇ, ದೋಸೆ ಹಿಟ್ಟನ್ನ ಹೆಂಚಿನ ಅಂಚಿನ ತನಕ ಎಳೆಯೋ ಹಂಗೆ. ಹಿಟ್ಟು ಅಷ್ಟೇ, ದೋಸೆ ಮಾತ್ರ ದೊಡ್ಡದು. ಇವತ್ತು ಹೇಳೋದನ್ನ ಅಷ್ಟೊಂದು ಎಳೆಯೋ ಅಗತ್ಯಾನೂ ಇಲ್ಲ. ಒಂದು ಬಚ್ಚಲಿಗೆ ಆರತಿ ಎತ್ತಿದ್ದನ್ನ ನಾನು ಕಣ್ಣಾರೆ ನೋಡಿದೀನಿ. ನೋಡಿದ್ದೇನು ಬಂತು, ಪಕ್ಕದಲ್ಲಿ ನಿಂತು ಗಂಟೆ ಬಾರಿಸಿದೋಳೇ ನಾನು. ನೆನೆಸ್ಕೊಂಡ್ರೆ ನಗು ಬರುತ್ತೆ. ನಕ್ಕಾದ್ಮೇಲೆ ನಾಚಿಕೇನೂ ಆಗುತ್ತೆ. ಆ ಎರಡನೇದನ್ನ ಕಾಲೇಜಲ್ಲಿ ಹೇಳ್ಲಿಲ್ಲ.

ನಮ್ಮ ಮನೆ ಬೋಗಾದಿ ಕಡೆ ಹೊಸ ಬಡಾವಣೇಲಿದೆ. ಹೊಸದು ಅಂದ್ರೆ ಅಪ್ಪ ಕಟ್ಟಿಸಿದಾಗ ಹೊಸದು. ಆಗ ಸುತ್ತ ಹುರುಳಿ ಹೊಲ ಇತ್ತಂತೆ, ನವಿಲು ಬರ್ತಿದ್ವಂತೆ. ಈಗ ಜಲ್ಲಿ ಲಾರಿ ಬರುತ್ತೆ, ನೀರಿನ ಟ್ಯಾಂಕರ್ ಬರುತ್ತೆ, ಅಡ್ರೆಸ್ ಸಿಗ್ದೆ ಒಂದೇ ತಿರುವಲ್ಲಿ ಗಿರಗಿಟ್ಲೆ ಹೊಡೆಯೋ ಊಟದ ಡೆಲಿವರಿ ಹುಡುಗ್ರು ಬರ್ತಾರೆ. ಊರಲ್ಲಿ ನಮ್ಮಜ್ಜಿ ಮನೆಗೆ ಹಿತ್ತಲು ಅಂತ ಇತ್ತು. ಅದರಲ್ಲಿ ನುಗ್ಗೆ ಮರ, ಕರಿಬೇವು, ಹಸು, ಹಸು ಕಂಡ್ರಾಗದ ಕೋಳಿ, ಎಲ್ಲ ಇತ್ತು. ಸಿಟೀಲಿ ಹಿತ್ತಲು ಅನ್ನಲ್ಲ. ಸೆಟ್‌ಬ್ಯಾಕ್ ಅಂತಾರೆ. ಮನೆ ಕಟ್ಟೋನು ಗೋಡೆಗೂ ಕಾಂಪೌಂಡಿಗೂ ಮಧ್ಯ ಖಾಲಿ ಬಿಡ್ಬೇಕಾದ ಜಾಗ ಅದು. ಗಾಳಿ ಆಡ್ಲಿ, ಬೆಳಕು ಬರ್ಲಿ, ಪಕ್ಕದ ಮನೆಯೋರು ಸೀನಿದ್ರೆ ನಮ್ಮ ಸಾರಿಗೆ ಬೀಳ್ದೆ ಇರ್ಲಿ ಅಂತ ಕಾನೂನು. ನಮ್ಮ ಬೀದೀಲಿ ಎಲ್ಲರೂ ಬಿಟ್ಟಿದ್ದಾರೆ, ನಕ್ಷೇಲಿ. ನಕ್ಷೆ ನೋಡಿದ್ರೆ ಪ್ರತಿ ಮನೆ ಹಿಂದೆ ಮದುವೆ ಊಟ ಹಾಕ್ಬಹುದು. ಬಂದು ನೋಡಿದ್ರೆ ಒಬ್ಬರ ಸೆಟ್‌ಬ್ಯಾಕಲ್ಲಿ ಮೆಟ್ಟಿಲು, ಇನ್ನೊಬ್ಬರದ್ರಲ್ಲಿ ವಾಷಿಂಗ್ ಮಷೀನು, ಮತ್ತೊಬ್ಬರದ್ರಲ್ಲಿ ಇಡೀ ಅಡುಗೆಮನೆ. ನಮ್ಮದು ಒಂದೇ ಬೀದೀಲಿ ಚೊಕ್ಕ. ಅಪ್ಪ ಮೇಟಗಳ್ಳಿ ಕಡೆ ಫ್ಯಾಕ್ಟರೀಲಿ ಕೆಲಸ ಮಾಡೋರು, ನಟ್ಟು ಬೋಲ್ಟಿನ ಅಳತೆಲೇ ಬದುಕೋರು. ಎಷ್ಟು ಬಿಡಿ ಅಂದಿದ್ರೋ ಅಷ್ಟು ಬಿಟ್ಟವ್ರೆ. ಅಲ್ಲಿ ಅಮ್ಮ ಬಟ್ಟೆ ಒಣಗಿಸ್ತಾಳೆ. ಒಣಗಲ್ಲ, ಅದು ಬೇರೆ ವಿಷಯ.

ನಮ್ಮನೇಲಿ ಇನ್ನೊಂದು ವಿಶೇಷ ಇದೆ, ಅದನ್ನ ಈಗ್ಲೇ ಹೇಳ್ಬುಡ್ತೀನಿ. ಬಚ್ಚಲು. ಹಾಲ್ ಸಣ್ಣದು, ರೂಮು ಸಣ್ಣದು, ದೇವರ ಮನೆ ಅಂತೂ ಇಲ್ಲ, ಗೋಡೆ ಮೇಲೆ ಬುದ್ಧನ ಫೋಟೋ ಇದೆ ಅಷ್ಟೇ. ಆದ್ರೆ ಬಚ್ಚಲು ಮಾತ್ರ ಅರಮನೆ. ಊರಿನ ತಾಮ್ರದ ಹಂಡೆ ಒಳಗೆ ಹೋಗ್ಬೇಕು ಅಂತ ಅಪ್ಪ ಅದನ್ನ ದೊಡ್ಡದಾಗಿ ಕಟ್ಟಿಸಿ, ಹಿತ್ತಲ ಕಡೆಗೆ ಅಗಲವಾದ ಒಂದು ಬಾಗಿಲೂ ಇಡಿಸಿದ್ರು. ಆಮೇಲೆ ಸೋಲಾರ್ ಬಂತು, ಹಂಡೆ ಅಟ್ಟ ಹತ್ತಿತು, ಒಂದು ಮೂಲೆಗೆ ಕಮೋಡ್ ಬಂತು, ಮಿಕ್ಕ ಜಾಗ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಹೊತ್ತು ನಾನು ಒಳಗೆ ಹೋದ್ರೆ ಹಾಡು, ಡೈಲಾಗು, ಕನ್ನಡಿ ಮುಂದೆ ಇಂಟರ್‌ವ್ಯೂ, ಎಲ್ಲ ಮುಗಿಸ್ಕೊಂಡೇ ಬರೋದು. ಅಮ್ಮ ಬಾಗಿಲು ಬಡಿದು ಬಡಿದು ಅವಳ ಕೈಬಳೆ ಗೀರು ಬಾಗಿಲ ಮೇಲೆ ಬಿದ್ದಿದೆ. ಆ ಬಚ್ಚಲಿಗೆ ನಾನೇ ರಾಣಿ. ಇದು ನೆನಪಿರ್ಲಿ.

ನಮ್ಮ ಹಿಂದಿನ ಮನೆ ರತ್ನಮ್ಮ ಆಂಟಿದು. ಬೆನ್ನಿಗೆ ಬೆನ್ನು ಹಾಕಿ ನಿಂತ ಮನೆಗಳು, ಮಧ್ಯ ಎದೆಮಟ್ಟದ ಒಂದು ಕಾಂಪೌಂಡು. ಅವರು ಶಿವಪೂಜೆ ಮನೆಯೋರು, ಬೆಳಿಗ್ಗೆ ಹಣೆ ತುಂಬ ವಿಭೂತಿ ಇಲ್ದೆ ಹಾಲೂ ಕಾಸಲ್ಲ. ಮುಂದಿನ ರಸ್ತೇಲಿ ಅಮ್ಮ ಸಿಕ್ಕಿದ್ರೆ ಆಂಟಿ "ಚೆನ್ನಾಗಿದ್ದೀರಾ ಸವಿತಾ ಅವ್ರೇ" ಅಂತ ಸೆರಗು ಸರಿಮಾಡ್ಕೊತಾರೆ. ಅದೇ ಸಂಜೆ ಹಿತ್ತಲ ಕಾಂಪೌಂಡ್ ಹತ್ರ ಬಂದ್ರೆ "ಏನಮ್ಮಿ ಸವಿತಾ, ಎಷ್ಟೊತ್ತು ಕರೆಯೋದು, ಕಿವಿ ಏನು ಅಡವಿಟ್ಟಿದ್ದೀಯಾ?" ಮುಂಬಾಗಿಲಿಗೊಂದು ಕನ್ನಡ, ಹಿತ್ತಲಿಗೊಂದು ಕನ್ನಡ. ಹಿತ್ತಲ ಕನ್ನಡದಲ್ಲೇ ಸಾರು ಈ ಕಡೆಯಿಂದ ಆ ಕಡೆ ಹೋಗ್ತಿತ್ತು, ಪಲ್ಯ ಆ ಕಡೆಯಿಂದ ಈ ಕಡೆ ಬರ್ತಿತ್ತು. ಮಾತು ಅಂದ್ರೆ ಎಂಥದ್ದು? ಕಾವೇರಿ ನೀರು ಇವತ್ತೂ ಬರ್ಲಿಲ್ಲ. ಕಸದ ಗಾಡಿಯೋನು ಹಸಿ ಕಸ ಒಣ ಕಸ ಅಂತ ಬೈದ. ದಸರಾ ಬಂತಂದ್ರೆ ನಂಟರು ಬರ್ತಾರೆ, ನಂಟರು ಬಂದ್ರೆ ನೀರು ಬರಲ್ಲ. ಯಾರ ಮನೆ ಮೇಲ್ಗಡೆ ಬಾಡಿಗೆಗೆ ಯಾರು ಬಂದ್ರು, ಅವರು ಮೊಟ್ಟೆ ತಿಂತಾರಾ. ಇದೆಲ್ಲ ಆಗ್ಬುಟ್ಟು ಕೊನೇಲಿ ಇಬ್ಬರೂ ಒಟ್ಟಿಗೆ ನಿಟ್ಟುಸಿರು ಬಿಡೋರು. ಆ ನಿಟ್ಟುಸಿರು ಬಿದ್ರೆ ಸಂಜೆ ಮುಗೀತು ಅಂತ ಅರ್ಥ, ನಾನು ಹೋಗಿ ಲೈಟ್ ಹಾಕ್ತಿದ್ದೆ.

ಆ ನಿಟ್ಟುಸಿರಿನ ಕಾರಣ ಅಲ್ಲೇ, ಕುರ್ಚೀಲಿ ಕೂತಿರ್ತಿತ್ತು. ಆಂಟಿ ಯಜಮಾನ್ರು, ಮಹದೇವಪ್ಪ ಅಂಕಲ್. ನಜರ್‌ಬಾದಲ್ಲಿ ಪೂಜೆ ಸಾಮಾನಿನ ಅಂಗಡಿ ಇಟ್ಕೊಂಡಿದ್ರು. ವಿಭೂತಿ ಗಟ್ಟಿ ಕೇಳಕ್ಕೆ ಹೋದೋನು ಕರ್ಪೂರ, ಊದಿನಕಡ್ಡಿ, ಜೊತೆಗೆ ಅಂಕಲ್ ಹೇಳಿದ ಹತ್ತಾರು ಕಥೆ ಕಟ್ಟಿಸ್ಕೊಂಡು ಬರ್ತಿದ್ದ. ಅಷ್ಟು ಮಾತು. ನಾನು ಮಾತಾಡೋದನ್ನ ಕಲಿತಿದ್ದೇ ಕಾಂಪೌಂಡ್ ಮೇಲೆ ಕೂತು ಅವರ ಬಾಯಿ ನೋಡಿ. ಒಂದಿನ ಅಂಗಡೀಲೇ ಕುಸಿದ್ರು. ಸ್ಟ್ರೋಕು. ಬಲಗೈ, ಬಲಗಾಲು ಹೋಯ್ತು. ಮಾತೂ ಹೋಯ್ತು. ಅಷ್ಟೂ ಮಾತಲ್ಲಿ ಒಂದೇ ಒಂದು ಉಳೀತು. "ಸರಿ ಬುಡು." ಹಸಿವಾದ್ರೂ ಸರಿ ಬುಡು, ಕಾಫಿ ಚೆನ್ನಾಗಿದ್ರೂ ಸರಿ ಬುಡು, ಸೊಳ್ಳೆ ಕಚ್ಚಿದ್ರೂ ಸರಿ ಬುಡು. ಯಾವ ಸರಿ ಬುಡು ಯಾವುದಕ್ಕೆ ಅಂತ ಆಂಟಿಗೆ ಮಾತ್ರ ಗೊತ್ತು. ನನಗೂ ಗೊತ್ತಾಗ್ತಿತ್ತು ಅಂತ ಎಲ್ಲರತ್ರ ಕೊಚ್ಕೊತಿದ್ದೆ. ಅಂದಾಜು ಹೊಡೀತಿದ್ದೆ.

ಅವರ ಮನೆ ಒಳಗಿನ ಬಚ್ಚಲು ಮೆಟ್ಟಿಲ ಕೆಳಗಿದೆ. ನಾನೇ ಪಕ್ಕಕ್ಕೆ ತಿರುಗ್ಕೊಂಡು ಹೋಗ್ಬೇಕು, ಗಾಲಿ ಕುರ್ಚಿ ಎಲ್ಲಿ ಹೋಗುತ್ತೆ? ಅದಕ್ಕೆ ಆಂಟಿ ಹಿಂದಿನ ಸೆಟ್‌ಬ್ಯಾಕಲ್ಲಿ ಒಂದು ಬಚ್ಚಲು ಕಟ್ಟಿಸಿದ್ರು. ಅಗಲ ಬಾಗಿಲು, ನುಣ್ಣಗಿಲ್ದ ನೆಲ, ಕಮೋಡು, ಹಿಡ್ಕೊಳ್ಳಕ್ಕೆ ಗೋಡೇಲಿ ಸ್ಟೀಲ್ ಕಂಬಿ, ಮೇಲೆ ತಗಡಿನ ಶೀಟು. ಆಷಾಢದ ಗಾಳಿಗೆ ಶೀಟು ಹಾರ್ಬಾರದು ಅಂತ ಅದರ ಮೇಲೆ ಒಂದು ಕಲ್ಲು ಹೇರಿದ್ರು. ಆ ಬಚ್ಚಲು ಬಂದ್ಮೇಲೆ ಅಂಕಲ್ ಮುಖಾನೇ ಬೇರೆ ಆಯ್ತು. ಯಾರನ್ನೂ ಕರೀದೆ, ಎಡಗೈಲಿ ಗಾಲಿ ತಳ್ಕೊಂಡು, ತಾವೇ ಹೋಗಿ ತಾವೇ ಬರೋರು. ಬಾಗಿಲು ಹಾಕ್ಕೊಂಡ್ಮೇಲೆ ಒಳಗಿಂದ ಚಿಲಕದ ಸದ್ದು ಬರ್ತಿತ್ತು. ಎಂಥ ದರ್ಬಾರಿನ ಸದ್ದು ಅಂತೀರಾ! ಆ ಚಿಲಕ ಒಂದೇ ಅವರಿಗೆ ಉಳಿದಿದ್ದ ಅಂಗಡಿ ಶಟರ್ರು.

ಹಿಂಗಿರುವಾಗ ಆಂಟಿ ಮನೆ ಪಕ್ಕದ ಮೂಲೆ ಸೈಟಿಗೆ ಪಿಜಿ ಬಂತು. ಹುಡುಗ್ರನ್ನ ಬಾಡಿಗೆಗೆ ತುಂಬೋ ಕಟ್ಟಡ. ಮೇಲೆ ಮೇಲೆ ಹೋಗ್ತಾನೇ ಇತ್ತು, ಒಂದಿನ ವಿಮಾನಕ್ಕೆ ತಾಗುತ್ತೆ ಅಂದ್ಕೊಂಡಿದ್ದೆ. ಅದರ ಓನರ್ರು ಪಕ್ಕಕ್ಕೆ ಒಂದು ಗೇಣೂ ಬಿಟ್ಟಿರ್ಲಿಲ್ಲ, ನೆರಳೆಲ್ಲ ಅಂಕಲ್ ಕುರ್ಚಿ ಮೇಲೆ. ಸಂಜೆ ಬಿಸಿಲಿಗೆ ಕೂರೋದು ಅಂದ್ರೆ ಅಂಕಲ್‌ಗೆ ಜೀವ. ಆಂಟಿಗೆ ತಡೆಯಕ್ಕಾಗ್ಲಿಲ್ಲ.

"ಏನ್ ಸ್ವಾಮಿ, ಒಂಚೂರಾದ್ರೂ ಜಾಗ ಬಿಡ್ಬಾರ್ದಾ? ನಕ್ಷೆ ಪಾಸ್ ಮಾಡೋ ಆಫೀಸಿಗೆ ಹೋಗಿ ಹೇಳ್ಬುಡ್ತೀನಿ ನಾನು!"

ಓನರ್ರು ಮೇಲಿಂದ, ಮೂರನೇ ಮಹಡಿ ಸೆಂಟ್ರಿಂಗ್ ಮೇಲಿಂದ, ದೇವಲೋಕದಿಂದ ಮಾತಾಡಿದಂಗೆ ಮಾತಾಡಿದ್ರು. "ಹೇಳಿ ಮೇಡಂ, ಧಾರಾಳವಾಗಿ ಹೇಳಿ. ನಿಮ್ಮ ಬಚ್ಚಲು ಎಲ್ಲಿ ಕೂತಿದೆ ಅಂತ ನಾನೂ ಹೇಳ್ತೀನಿ. ಟೇಪ್ ತಂದ್ರೆ ಎರಡೂ ಕಡೆ ಹಿಡೀತಾರೆ."

ಆಂಟಿ ಹೇಳ್ಲಿಲ್ಲ. ಓನರ್ರು ಹೇಳಿದ್ರು.

ಆ ಸಂಜೆ ಕಾಂಪೌಂಡ್ ಹತ್ರ ನಿಟ್ಟುಸಿರು ಮೊದ್ಲೇ ಬಂತು, ಮಾತು ಆಮೇಲೆ. "ಅಳತೆಗೆ ಬರ್ತಾರಂತೆ ಸವಿತಾ. ಒಡೀರಿ ಅಂದ್ರೆ ಏನ್ ಮಾಡ್ಲಿ? ದಿನಾ ಇವ್ರನ್ನ ಯಾರು ಎತ್ತಿ ಇಳಿಸ್ತಾರೆ?" ಆಂಟಿ ದನಿ ಅಂಕಲ್‌ಗೆ ಕೇಳ್ಬಾರದು ಅಂತ ಸಣ್ಣಗಿತ್ತು. ಅಂಕಲ್ ಆ ಕಡೆ ತಿರುಗಿ ನುಗ್ಗೆಕಾಯಿ ಲೆಕ್ಕ ಹಾಕೋರ ಥರ ಆಕಾಶ ನೋಡ್ತಿದ್ರು. ಅಲ್ಲಿ ನುಗ್ಗೆ ಮರ ಇಲ್ಲ.

ಅಮ್ಮ ಸೆರಗಿನ ತುದಿ ಬೆರಳಿಗೆ ಸುತ್ಕೊಂಡು ಮೆಲ್ಲಗೆ ಅಂದ್ಲು, "ಅಕ್ಕಾ, ನೀವು ತಪ್ಪು ತಿಳ್ಕೊಳ್ದೆ ಇದ್ರೆ ಒಂದು ಮಾತು. ನಮ್ಮ ಬಚ್ಚಲು ಇಲ್ಲೇ ಐತಲ್ಲ, ಬಾಗ್ಲೂ ಅಗಲ. ಈ ಕಾಂಪೌಂಡು ಒಂಚೂರು..."

ನನ್ನ ಅರಮನೆ! ನನ್ನ ಕನ್ನಡಿ, ನನ್ನ ಇಂಟರ್‌ವ್ಯೂ! "ಅಯ್ಯೋ ಅಮ್ಮಾ, ಅಷ್ಟೆಲ್ಲ ಯಾಕೆ?" ಅಂತ ಮಧ್ಯ ನುಗ್ದೆ. "ಆಂಟಿಗೆ ಸಂಕೋಚ ಆಗಲ್ವಾ? ನೀವು ಹೇಳಿ ಆಂಟಿ, ಸಂಕೋಚ ಆಗಲ್ವಾ?"

"ಆಗದೇ ಇರುತ್ತಾ ಅಮ್ಮಿ? ಬೇರೆಯವ್ರ ಮನೆ ಬಚ್ಚಲಿಗೆ ದಿನಾ ಎಂಗೆ ಕಳ್ಸೋದು..." ಅಂದ್ರು ಆಂಟಿ. ಅಮ್ಮ ನನ್ನ ಕಡೆ ನೋಡಿದ ನೋಟಕ್ಕೆ ಹಾಲಿದ್ರೆ ಒಡೀತಿತ್ತು.

"ನಾನು ಕಟ್ಟಡದ ರೂಲ್ಸ್ ಎಲ್ಲ ಓದಿದೀನಿ" ಅಂದೆ. ಓದಿದ್ದು ಮೊಬೈಲಲ್ಲಿ, ಅದರಲ್ಲೂ ಮೊದಲ ಪುಟ, ಅಲ್ಲಿಂದ ಯಾವುದೋ ವಿಡಿಯೋಗೆ ಹೋಗ್ಬುಟ್ಟಿದ್ದೆ. "ಎಲ್ಲಕ್ಕೂ ಒಂದು ದಾರಿ ಇದೆ. ಪಿಜಿ ಕಾಂಪೌಂಡ್ ನೋಡಿದ್ದೀರಾ? ಗಂಡಸರು ಬಂದು ಗೋಡೆ ಒದ್ದೆ ಮಾಡ್ತಿದ್ರು. ಓನರ್ರು ಏನ್ ಮಾಡಿದ್ರು? ಉದ್ದಕ್ಕೂ ದೇವರ ಟೈಲ್ಸ್ ಅಂಟಿಸಿದ್ರು. ಈಗ ಒಬ್ಬನಾದ್ರೂ ನಿಲ್ತಾನಾ? ಅಷ್ಟು ಅರ್ಜೆಂಟಲ್ಲಿರೋ ಮನುಷ್ಯನ್ನೇ ದೇವರು ತಡೀತಾನೆ ಅಂದ್ಮೇಲೆ ಜೆಸಿಬಿ ತಡೆಯಲ್ವಾ?"

ಆ ಮಾತು ಬಾಯಿಂದ ಬಿದ್ದಾಗ ನನಗೇ ರೋಮಾಂಚನ ಆಯ್ತು. ಆಂಟಿ ಕಣ್ಣಲ್ಲಿ ಬೆಳಕು ಬಂತು. ಅಮ್ಮ ಮಾತ್ರ, "ನಮ್ಮನೆ ಬುದ್ಧನ್ನ ಇಟ್ರೆ ಆಗಲ್ಲಪ್ಪ, ಅವ್ನು ಕಣ್ಮುಚ್ಚಿ ಕೂತವ್ನೆ, ಜೆಸಿಬಿ ಬಂದ್ರೂ ಎದ್ದೇಳಲ್ಲ" ಅಂದು ಒಣಗ್ದೆ ಇರೋ ಬಟ್ಟೆ ತಗೊಂಡು ಒಳಗೆ ಹೋದ್ಲು.

ನಾನು ಅಂದ್ಕೊಂಡಿದ್ದು ಒಂದು ಟೈಲ್ಸ್. ಗಮ್ ಹಾಕಿ ಅಂಟಿಸಿದ್ರೆ ಮುಗೀತು. ಆದ್ರೆ ಭಕ್ತರ ಕೈಗೆ ಐಡಿಯಾ ಕೊಡ್ಬಾರದು ಅನ್ನೋದು ನನಗೆ ಆಗ ಗೊತ್ತಿರ್ಲಿಲ್ಲ. "ಟೈಲ್ಸ್ ದೇವ್ರಿಗೆ ಶಕ್ತಿ ಎಲ್ಲಿಂದ ಬರ್ಬೇಕು? ಮಾಡೋದಾದ್ರೆ ಕಲ್ಲಲ್ಲಿ ನೆಟ್ಟಗೆ ಮಾಡೋಣ" ಅಂತ ಆಂಟಿ ನನ್ನ ಕೈಲೇ ಸ್ಟೂಲ್ ಹತ್ಸಿ ಶೀಟಿನ ಮೇಲಿದ್ದ ಆ ಕಲ್ಲನ್ನ ಇಳಿಸಿದ್ರು. ತೊಳೆದು ನೋಡಿದ್ರೆ ಅದು ಕಲ್ಲಲ್ಲ, ಬಸಪ್ಪ! ಪುಟ್ಟ ಕೊಂಬು, ಮಡಚಿದ ಕಾಲು, ಸವೆದ ಗಂಟೆಸರ. ಆಂಟಿ ತವರಿನ ತೋಟದಲ್ಲಿದ್ದಿದ್ದಂತೆ. ಮನೆ ಬದಲಾಯಿಸೋವಾಗ ತಂದಿದ್ದು, ಸಿಮೆಂಟು ಮೆತ್ಕೊಂಡು ಕಲ್ಲಿನ ಥರ ಆಗಿದ್ದು, ಗಾರೆ ಕೆಲಸದೋನು ಭಾರ ಇದೆ ಅಂತ ತಗಡಿನ ಮೇಲೆ ಕೂರಿಸಿದ್ದು. ಆಂಟಿ ಕೆನ್ನೆ ಕೆನ್ನೆ ಬಡ್ಕೊಂಡ್ರು. "ಅಯ್ಯೋ ನನ್ನಪ್ಪಾ, ಇಷ್ಟು ದಿನ ಬಿಸಿಲಲ್ಲಿ ಕೂತು ನಮ್ಮನೆ ಬಚ್ಚಲು ಕಾಯ್ಕೊಂಡಿದ್ಯಲ್ಲಾ!"

ಮಾರನೇ ಬೆಳಿಗ್ಗೆ ಮಠದಿಂದ ಅಯ್ನೋರು ಬಂದ್ರು. ಬಚ್ಚಲ ಬಾಗಿಲ ಮುಂದೆ, ಬಾಗಿಲಿಗೆ ಒತ್ತಿ, ಎರಡು ಕಲ್ಲಿನ ಮೇಲೆ ಮಣೆ ಇಟ್ಟು, ಮಣೆ ಮೇಲೆ ಬಸಪ್ಪನ್ನ ಕೂರಿಸಿದ್ರು. ಬಾಗಿಲು ಕಾಣ್ಬಾರದು ಅಂತ ಆಂಟಿ ಹಳೇ ರೇಷ್ಮೆ ಸೀರೆ ಇಳಿಬಿಟ್ರು. ವಿಭೂತಿ, ಬಿಲ್ವಪತ್ರೆ, ಹಾಲು, ಮೊಸರು. ಒಳಗೆ ಏನಿದೆ ಅಂತ ಅಯ್ನೋರಿಗೆ ಯಾರೂ ಹೇಳ್ಲಿಲ್ಲ, ಅವರೂ ಕೇಳ್ಲಿಲ್ಲ, ಪಾಪ ಶುದ್ಧವಾದ ಮನಸ್ಸಿನೋರು. ಆರತಿ ಹೊತ್ತಿಗೆ ನಾನು ಗಂಟೆ ಬಾರಿಸಿದ ರಭಸಕ್ಕೆ ಪಿಜಿ ಕೆಲಸದೋರು ಮೇಸ್ತ್ರಿ ಸಮೇತ ಕೆಳಗಿಳಿದು ಬಂದು ಪ್ರಸಾದ ತಗೊಂಡ್ರು. ಎಲ್ಲ ಸುಸೂತ್ರವಾಗಿ ಮುಗೀತು. ಆಮೇಲೆ ಅಂಕಲ್ ಕುರ್ಚಿ ತಳ್ಕೊಂಡು ಬಚ್ಚಲ ಹತ್ರ ಬಂದ್ರು. ಮಣೆ ಅಡ್ಡ ಸಿಕ್ಕಿ ಕುರ್ಚಿ ಅಲ್ಲೇ ನಿಂತೋಯ್ತು.

ಆಂಟಿ ಬಸಪ್ಪನ್ನ ನೋಡಿದ್ರು, ಅಂಕಲ್ನ ನೋಡಿದ್ರು, ನನ್ನ ನೋಡಿದ್ರು. "ಅಮ್ಮಿ... ಪ್ರತಿಷ್ಠೆ ಆಗೋಯ್ತಲ್ಲ. ಈಗ ದೇವ್ರ ಬೆನ್ನಹಿಂದೆ... ಅದು ಎಂಗೆ?"

ಇದು ನನ್ನ ಪ್ಲಾನಲ್ಲಿ ಇರ್ಲಿಲ್ಲ. ಬಚ್ಚಲು ಉಳೀತು. ಆದ್ರೆ ಬಚ್ಚಲಾಗಿ ಉಳೀಲಿಲ್ಲ. "ಅಳತೆ ಮುಗಿಯೋ ತನಕ ಆಂಟಿ, ಆಮೇಲೆ ಬಸಪ್ಪನ್ನ ಮೇಲಕ್ಕೆ ಕಳಿಸ್ಬುಡೋಣ" ಅಂದೆ. "ಏನಂದೇ? ಕೂರಿಸಿದ ದೇವ್ರನ್ನ ಎದ್ದೋಗು ಅನ್ನಕ್ಕಾಗುತ್ತಾ?" ಅಂತ ಆಂಟಿ ಎರಡೂ ಕಿವಿ ಮುಚ್ಕೊಂಡ್ರು. ಅಂಕಲ್ ಗಾಲಿ ಹಿಂದಕ್ಕೆ ತಿರುಗಿಸಿದ್ರು. "ಸರಿ ಬುಡು."

ಅಲ್ಲಿಂದ ಶುರುವಾಯ್ತು. ಬೆಳಿಗ್ಗೆ ಅಪ್ಪ ನೈಟ್ ಶಿಫ್ಟ್ ಮುಗಿಸ್ಕೊಂಡು ಬಂದೋರು ನಮ್ಮನೆಗೆ ಬರೋ ಮುಂಚೆ ಆಂಟಿ ಮನೆಗೆ ಹೋಗಿ, ಅಂಕಲ್ನ ಎರಡೂ ಕೈಲಿ ಎತ್ಕೊಂಡು ಮೆಟ್ಟಿಲ ಕೆಳಗಿನ ಆ ಗೂಡಿಗೆ ತೂರಿಸ್ಬೇಕು. ಒಂದ್ಸಲ ನಾನೂ ನೋಡ್ದೆ. ಅಪ್ಪ ಎತ್ತಿದ ತಕ್ಷಣ ಅಂಕಲ್ ಕಣ್ಣು ಮುಚ್ಕೊಂಡ್ಬುಟ್ರು. ಬಾಗಿಲು ಪೂರ್ತಿ ಹಾಕಕ್ಕಾಗಲ್ಲ, ಯಾರಾದ್ರೂ ಹಿಡ್ಕೊಂಡು ನಿಲ್ಲಬೇಕಲ್ಲ. ಚಿಲಕದ ಸದ್ದು ನಿಂತೋಯ್ತು. ಅಪ್ಪ ಮನೆಗೆ ಬಂದು ಸೊಂಟಕ್ಕೆ ಕೈ ಕೊಟ್ಕೊಂಡು ತಿಂಡಿ ತಿಂದು ಮಲಗೋರು. ನಾನು ನನ್ನ ಅರಮನೇಲಿ ಹಾಡು ಹೇಳ್ತಿದ್ದೆ. ಮೊದಲಿನಷ್ಟು ಗಟ್ಟಿಯಾಗಿ ಅಲ್ಲ, ಆದ್ರೂ ಹೇಳ್ತಿದ್ದೆ.

ಅಷ್ಟರಲ್ಲಿ ಬಸಪ್ಪನ ಹೆಸರು ಹಬ್ಬಿತು. ಹಬ್ಬಿಸಿದ್ದು ಯಾರು ಅಂತ ಕೇಳ್ಬೇಡಿ. ಪಿಜಿ ಕೆಳಮಹಡಿಗೆ ಆಗ್ಲೇ ಬಂದಿದ್ದ ಹುಡುಗ್ರು ಪರೀಕ್ಷೆಗೆ ಮುಂಚೆ ಕಾಯಿ ಒಡೆಯಕ್ಕೆ ಬಂದ್ರು. ಸೋಮವಾರ ಬಂತಂದ್ರೆ ಆಂಟಿ ಅಡುಗೆಮನೆ ದಾಟ್ಕೊಂಡು ಜನ. ಯಾರೋ ಒಂದು ಗಂಟೆ ಕಟ್ಟಿದ್ರು, ಯಾರೋ ಎಲ್‌ಇಡಿ ಸರ ಹಾಕಿದ್ರು. ಭಾರ ಇಳಿದಿದ್ದಕ್ಕೆ ತಗಡಿನ ಶೀಟು ಗಾಳಿಗೆ ಧಡಧಡ ಅಂತಿತ್ತು, "ದೇವ್ರು ಮಾತಾಡ್ತಾನೆ" ಅಂದ್ರು ಭಕ್ತರು. ಅಂಕಲ್ ಕುರ್ಚಿ ಇಡೋ ಜಾಗದಲ್ಲಿ ಈಗ ಚಪ್ಪಲಿ ಬಿಡ್ತಿದ್ರು. ಅವರನ್ನ ಒಳಗೆ ಟಿವಿ ಮುಂದೆ ಕೂರಿಸಿದ್ರು.

ಒಂದು ಸಂಜೆ ಆಂಟಿ ಹೆಮ್ಮೆಯಿಂದ ಅಂದ್ರು, "ಸವಿತಾ, ಇವ್ರಿಗೂ ಎಂಥ ಭಕ್ತಿ ಬಂದ್ಬುಟ್ಟಿದೆ ಗೊತ್ತಾ? ಸ್ವಾಮಿ ಬಂದ್ಮೇಲೆ ಕಾಫೀನೇ ಮುಟ್ತಿಲ್ಲ. ನೀರೂ ಒಂದೊಂದು ಗುಟುಕು. ವ್ರತದ ಥರ."

ಅಮ್ಮ ಕಾಂಪೌಂಡ್ ಮೇಲೆ ಕೈಯಿಟ್ಕೊಂಡ್ಲು. "ಅದು ಭಕ್ತಿ ಅಲ್ಲ ಕಣಕ್ಕ" ಅಂದ್ಲು. "ಕುಡಿದ್ರೆ ಹೋಗ್ಬೇಕಾಗುತ್ತಲ್ಲ. ಹೋಗ್ಬೇಕಾದ್ರೆ ಯಾರಾದ್ರೂ ಎತ್ತಬೇಕಲ್ಲ."

ಆಂಟಿ ಒಳಗಡೆ ತಿರುಗಿ ನೋಡಿದ್ರು. ಒಳಗೆ ಟಿವೀಲಿ ಯಾರೋ ಜೋರಾಗಿ ನಗ್ತಿದ್ರು. ಅವತ್ತು ನಿಟ್ಟುಸಿರು ಕೂಡ ಬರ್ಲಿಲ್ಲ. ಅಮ್ಮ ಮಾತ್ರ ಒಳಗೆ ಹೋಗ್ತಾ ನನ್ನ ಪಕ್ಕ ಒಂದು ಕ್ಷಣ ನಿಂತು, "ನಿಂಗೆ ಬಚ್ಚಲು ಚೆನ್ನಾಗೈತಾ ಮೇಘನಾ?" ಅಂತ ಕೇಳಿದ್ಲು. ನಾನು ಓದ್ಕೋಬೇಕು ಅಂದೆ. ನಾನು ಓದ್ಕೋಬೇಕು ಅಂದಿದ್ದನ್ನ ಕೇಳಿ ಅಮ್ಮನಿಗೆ ಆಶ್ಚರ್ಯ ಆಗ್ಬೇಕಿತ್ತು. ಆಗ್ಲಿಲ್ಲ.

ಕೊನೆಗೂ ಅಳತೆಯೋರು ಬಂದ್ರು. ಬೆಳಿಗ್ಗೆ ಬೆಳಿಗ್ಗೇನೇ. ಒಬ್ಬರು ಇಂಜಿನಿಯರ್ ಮೇಡಂ, ಜೊತೆಗೆ ಟೇಪ್ ಹಿಡಿಯೋ ಒಬ್ಬರು. ಹಿಂದೆ ಪಿಜಿ ಓನರ್ರು, ಮದುವೆ ಮನೆಗೆ ಬಂದೋರ ಥರ ಇಸ್ತ್ರಿ ಶರ್ಟು. ನಾನು ಕಾಂಪೌಂಡ್ ಹಾರಿ ಆಂಟಿ ಹಿತ್ತಲಲ್ಲಿ ಮೊದ್ಲೇ ರೆಡಿ. ಆಂಟಿ ಆರತಿ ತಟ್ಟೆ ಹಿಡ್ಕೊಂಡಿದ್ರು. ಅಮ್ಮ ನಮ್ಮ ಕಡೆಯಿಂದ ಕಾಂಪೌಂಡ್ ಮೇಲೆ ಗಲ್ಲ ಇಟ್ಕೊಂಡು ನೋಡ್ತಿದ್ಲು. ನಾನು ಗಂಟೆ ಹೊಡೆದೆ. ಮೇಡಂ ಬಂದೋರೇ ಬಸಪ್ಪನ್ನ ನೋಡಿ ಚಪ್ಪಲಿ ಬಿಟ್ರು. ಟೇಪಿನೋರೂ ಬಿಟ್ರು. ಓನರ್ರು ಬಿಡ್ಲೋ ಬೇಡ್ವೋ ಅಂತ ನೋಡಿ, ಎಲ್ಲರೂ ತಮ್ಮನ್ನೇ ನೋಡ್ತಿರೋದು ಗೊತ್ತಾಗಿ ಬಿಟ್ರು.

"ಇದು ಬಚ್ಚಲು ಅಂತ ಕಂಪ್ಲೇಂಟ್ ಬಂದಿತ್ತಲ್ಲ?" ಅಂದ್ರು ಮೇಡಂ.

"ಶಿವ ಶಿವಾ" ಅಂದೆ ನಾನು. "ಯಾರು ಮೇಡಂ ಹಂಗಂದಿದ್ದು? ಬಾಯಲ್ಲಿ ಹುಳ ಬೀಳುತ್ತೆ. ಈ ಸ್ವಾಮಿ ಎಷ್ಟು ಹಳೇದು ಅಂತೀರಾ! ರಿಂಗ್ ರೋಡ್ ಇರ್ಲಿಲ್ಲ, ಈ ಬಡಾವಣೆ ಇರ್ಲಿಲ್ಲ, ಎಲ್ಲ ಹುರುಳಿ ಹೊಲ. ಉಳೋವಾಗ ನೇಗಿಲಿಗೆ ಟಣ್ ಅಂತ ತಾಗಿದ್ದು. ಎತ್ತು ಮುಂದಕ್ಕೆ ಹೋಗ್ಲೇ ಇಲ್ಲ, ಅಲ್ಲೇ ಮಂಡಿಯೂರ್ಬುಡ್ತು. ಕಣ್ಣಲ್ಲಿ ನೀರು ಮೇಡಂ, ಎತ್ತಿನ ಕಣ್ಣಲ್ಲಿ!" ಎತ್ತು ಎಲ್ಲಿಂದ ಬಂತು ಅಂತ ನನಗೂ ಗೊತ್ತಿಲ್ಲ. ಆದ್ರೆ ಬಂದ್ಮೇಲೆ ಕಳಿಸಕ್ಕೆ ಮನಸ್ಸಾಗ್ಲಿಲ್ಲ. ಆಂಟಿನೇ ನಂಬಿ ಕಣ್ಣೊರೆಸ್ಕೊಂಡ್ರು. ಗಾಳಿ ಬೀಸಿ ಶೀಟು ಧಡಧಡ ಅಂತು. "ನೋಡಿ, ಹೂಂ ಅಂತಿದ್ದಾನೆ" ಅಂದೆ.

ಮೇಡಂ ವಿಭೂತಿ ಇಟ್ಕೊಂಡು ಟೇಪ್ ಸುತ್ತಿಸಿದ್ರು. "ದೇವಸ್ಥಾನ ಅಂದ್ರೆ ನಾವು ಮುಟ್ಟಲ್ಲಮ್ಮ, ಅದಕ್ಕೆ ಬೇರೆಯವ್ರೇ ಬರ್ಬೇಕು, ಬೇರೆ ಆರ್ಡರ್ ಆಗ್ಬೇಕು. ನಡೀರಿ." ಓನರ್ರ ಮುಖ ಮಜ್ಜಿಗೆ ಥರ ಆಯ್ತು. ನಾನು ಗೆದ್ದಿದ್ದೆ. ಕಾಲೇಜಲ್ಲಿ ಇದನ್ನ ಎಲ್ಲಿಂದ ಶುರು ಮಾಡೋದು, ಎತ್ತನ್ನ ಯಾವಾಗ ತರೋದು ಅಂತ ಆಗ್ಲೇ ಮನಸ್ಸಲ್ಲಿ ಜೋಡಿಸ್ತಾ ಇದ್ದೆ.

ಆಗ ಆಂಟಿ ಅಡುಗೆಮನೆ ಬಾಗಿಲಿಂದ ಗಾಲಿ ಸದ್ದು ಬಂತು. ಅಪ್ಪ. ಫ್ಯಾಕ್ಟರಿ ಯೂನಿಫಾರ್ಮಲ್ಲೇ ಅಂಕಲ್ ಕುರ್ಚಿ ತಳ್ಕೊಂಡು ಬರ್ತಿದ್ರು. ಅಂಕಲ್ ಮುಖ ಬಿಗಿದಿತ್ತು, ಎಡಗೈ ಕುರ್ಚಿ ತೋಳನ್ನ ಗಟ್ಟಿಯಾಗಿ ಹಿಡ್ಕೊಂಡಿತ್ತು. "ಒಂಚೂರು ಸರ್ಕೊಳ್ಳಿ" ಅಂದ್ರು ಅಪ್ಪ. "ಇವತ್ತು ನನ್ನ ಸೊಂಟ ಏಳ್ತಿಲ್ಲ, ಎತ್ತಕ್ಕಾಗಲ್ಲ. ಯಜಮಾನ್ರಿಗೆ ತಡೆಯಕ್ಕಾಗಲ್ಲ."

"ಅಪ್ಪಾ, ಒಂದ್ನಿಮಿಷ" ಅಂದೆ. ಅಪ್ಪ ನನ್ನ ಮಾತು ಕೇಳ್ಲಿಲ್ಲ. ಚಪ್ಪಲಿ ಬಿಟ್ರು. ಬಸಪ್ಪನಿಗೆ ಕೈಮುಗಿದ್ರು. ಸೊಂಟ ಹಿಡ್ಕೊಂಡು ಬಗ್ಗಿ, ಹಲ್ಲು ಕಚ್ಚಿ, ಎರಡೂ ಕೈಲಿ ಬಸಪ್ಪನ್ನ ಎತ್ತಿ, ಕುಂಕುಮ ಹೂವು ಸಮೇತ ತಗಡಿನ ಶೀಟಿನ ಮೇಲೆ, ಅವನ ಹಳೇ ಜಾಗಕ್ಕೇ ಇಟ್ರು. ಧಡಧಡ ನಿಂತೋಯ್ತು. ಮಣೆ ಪಕ್ಕಕ್ಕಾಯ್ತು, ಸೀರೆ ಪಕ್ಕಕ್ಕಾಯ್ತು. ಬಾಗಿಲು ತೆಗೆದ್ರು. ಒಳಗೆ ಸ್ಟೀಲ್ ಕಂಬಿ, ಬಕೀಟು, ಒಣಗಿದ ನೆಲ, ಎಲ್ಲ ಎಲ್ಲರಿಗೂ ಕಾಣಿಸ್ತು. ಅಂಕಲ್ ಒಳಗೆ ಹೋದ್ರು. ಬಾಗಿಲು ಹಾಕ್ಕೊಂಡ್ರು. ಚಿಲಕದ ಸದ್ದು ಬಂತು.

ಮೇಡಂ ಹಣೆ ವಿಭೂತಿ ಮುಟ್ಕೊಂಡು, "ನೀವು ಒಂದೇ ಒಂದು ನಿಮಿಷ ತಡ್ದಿದ್ರೆ ನಾನು ಹೊರಟೋಗ್ತಿದ್ದೆ ಸಾರ್" ಅಂದ್ರು, ಬೇಜಾರಿಂದಾನೇ. "ಈಗ ನೋಡ್ಬುಟ್ಟಿದೀನಿ. ಬರೀಲೇಬೇಕು."

"ಬರ್ಕೊಳ್ಳಿ ಮೇಡಂ. ಇವ್ರಿಗೆ ಒಂದು ನಿಮಿಷಾನೂ ಇರ್ಲಿಲ್ಲ" ಅಂದ್ರು ಅಪ್ಪ. ಆಮೇಲೆ ತಲೆ ಎತ್ತಿ ಪಿಜಿ ಕಡೆ ನೋಡಿ, "ಟೇಪ್ ಹೆಂಗೂ ತಂದಿದ್ದೀರಿ, ಅದಕ್ಕೂ ಹಿಡೀರಿ" ಅಂದ್ರು. ಓನರ್ರು ಚಪ್ಪಲಿ ಹುಡುಕ್ತಿದ್ರು.

ಆಂಟಿ ಆರತಿ ತಟ್ಟೆ ಕೆಳಗಿಟ್ಟು ಸೆರಗಲ್ಲಿ ಮುಖ ಮುಚ್ಕೊಂಡ್ರು. "ಒಡೆದ್ಮೇಲೆ ಇವ್ರನ್ನ ಎಲ್ಲಿಗೆ ಕರ್ಕೊಂಡು ಹೋಗ್ಲಿ..."

ಅಪ್ಪ ಕಾಂಪೌಂಡಿನ ಆ ಕಡೆ ನಿಂತಿದ್ದ ಅಮ್ಮನ್ನ ನೋಡಿದ್ರು. ಅಮ್ಮ ತಲೆ ಆಡಿಸಿದ್ಲು. ಆ ಮಾತು ಅವರಿಬ್ಬರ ಮಧ್ಯ ಎಷ್ಟು ದಿನದಿಂದ ಓಡಾಡ್ತಿತ್ತೋ. ಅಪ್ಪ ಕಾಂಪೌಂಡ್ ಮೇಲೆ ಅಂಗೈ ಇಟ್ಟು, ಕುರ್ಚಿ ಗಾತ್ರಕ್ಕೆ ಅಳತೆ ಹಾಕಿದ್ರು. "ಇಲ್ಲಿಂದ ಇಲ್ಲಿಗೆ ಒಡೀತೀನಿ ನಾಳೆ. ನೆಟ್ಟಗೆ ನಮ್ಮ ಬಚ್ಚಲ ಬಾಗಿಲಿಗೇ ಬರುತ್ತೆ ಅಕ್ಕಾ. ಸಂಕೋಚ ಪಡ್ಬೇಡಿ." ಆಮೇಲೆ ಎತ್ತಿನ ಕಥೆ ಇನ್ನೂ ಬಾಯಲ್ಲೇ ಇಟ್ಕೊಂಡು ನಿಂತಿದ್ದ ನನ್ನ ಕಡೆ ತಿರುಗಿದ್ರು. "ಬೆಳಿಗ್ಗೆ ಮೊದ್ಲು ಯಜಮಾನ್ರು ಹೋಗ್ತಾರೆ. ಅವ್ರು ಚಿಲಕ ತೆಗೆಯೋ ತನಕ ನೀನು ಬ್ರಷ್ ಹಿಡ್ಕೊಂಡು ಹೊರಗಡೆ ನಿಂತಿರ್ಬೇಕು. ಬಾಗಿಲು ಬಡೀಬಾರ್ದು. ಕಥೆ ಹೇಳ್ಬಾರ್ದು."

ನಾನು ಬಾಯಿ ತೆಗೆದೆ. ನನಗಿಂತ ಮುಂಚೆ ಬಚ್ಚಲ ಒಳಗಿಂದ, ನೀರಿನ ಸದ್ದಿನ ಮಧ್ಯ, ಅಂಕಲ್ ದನಿ ಬಂತು. ಅದು ಯಾವುದಕ್ಕೆ ಅಂತ ಈ ಸಲ ನನಗೆ ಅಂದಾಜು ಹೊಡೆಯೋ ಅಗತ್ಯ ಬರ್ಲಿಲ್ಲ.

"ಸರಿ ಬುಡು."